ಮುಂಬೈಯ ಗೋಡೆಗೆ ಯಾವ ಬಣ್ಣ: ಪೇಂಟಿಂಗ್ ಗುತ್ತಿಗೆದಾರರು ಕಂಪನಿಯನ್ನೂ ಅಂಗಡಿಯನ್ನೂ ಅಳೆಯುವ ಬಗೆ

ಮನೆಗೆ ಬಣ್ಣ ಮಾಡಿಸಲು ಹೊರಟವರು ಮೊದಲು ಕೇಳುವುದು ‘ಯಾವ ಕಂಪನಿಯದು ಒಳ್ಳೆಯದು?’ ಎಂಬ ಪ್ರಶ್ನೆಯನ್ನು. ಮುಂಬೈಯಲ್ಲಿ ಬಹುಕಾಲದಿಂದ ಈ ಕಸುಬಿನಲ್ಲಿರುವ ಗುತ್ತಿಗೆದಾರರು ಅದಕ್ಕೆ ಒಂದೇ ಹೆಸರಿನ ಉತ್ತರ ಕೊಡಲು ಹಿಂಜರಿಯುತ್ತಾರೆ. ಯಾವ ಗೋಡೆ, ಒಳಗಿನದೋ ಹೊರಗಿನದೋ, ಅದರ ಮೇಲೆ ಈಗ ಏನಿದೆ, ಎಷ್ಟು ವರ್ಷ ಬಾಳಬೇಕು, ಸಾಮಾನು ಯಾವ ಅಂಗಡಿಯಿಂದ ಬರುತ್ತದೆ ಎಂಬುದೆಲ್ಲ ತಿಳಿದ ಮೇಲೆಯೇ ಅವರ ಲೆಕ್ಕ ಶುರುವಾಗುತ್ತದೆ. ಮುಲುಂಡ್, ಡೊಂಬಿವಲಿ, ಮೀರಾ ರೋಡ್ ಕಡೆಯ ಸೊಸೈಟಿಗಳಲ್ಲಿ ಸಮಿತಿಯ ಸದಸ್ಯರಾಗಿ ಮೂರು ಕೊಟೇಶನ್‌ಗಳನ್ನು ಎದುರಿಗಿಟ್ಟುಕೊಂಡು ಕುಳಿತಿರುವ ಕನ್ನಡಿಗರಿಗೂ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ಸ್ವಂತವಾಗಿ ಗುತ್ತಿಗೆ ಹಿಡಿಯಲು ತೊಡಗಿರುವ ಮೇಸ್ತ್ರಿಗಳಿಗೂ ಈ ಲೆಕ್ಕ ಬಿಡಿಸಿ ಹೇಳಬೇಕಾದಷ್ಟು ಮುಖ್ಯವಾದದ್ದು.

ಬಣ್ಣದ ಉದ್ಯಮಕ್ಕೂ ಈ ಊರಿಗೂ ಹಳೆಯ ನಂಟಿದೆ. ಇಂದಿನ ಕನ್ಸಾಯ್ ನೆರೋಲ್ಯಾಕ್ 1920ರಲ್ಲಿ ಲೋವರ್ ಪರೇಲ್‌ನಲ್ಲಿ ಗಹಗನ್ ಪೇಂಟ್ಸ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಏಷ್ಯನ್ ಪೇಂಟ್ಸ್ 1942ರಲ್ಲಿ ಗಿರ್‌ಗಾಂವ್‌ನ ಒಂದು ಗ್ಯಾರೇಜಿನಲ್ಲಿ ನಾಲ್ವರು ಗೆಳೆಯರಿಂದ ಹುಟ್ಟಿತು. ಬರ್ಜರ್ ಕೋಲ್ಕತ್ತದ್ದು, ಇಂಡಿಗೋ ಪುಣೆಯದ್ದು. ಡ್ಯೂಲಕ್ಸ್, ನಿಪ್ಪಾನ್ ಮೊದಲಾದವು ವಿದೇಶಿ ಮೂಲದವು. 2024ರ ಫೆಬ್ರವರಿಯಲ್ಲಿ ಗ್ರಾಸಿಮ್ ಸಂಸ್ಥೆ ಬಿರ್ಲಾ ಓಪಸ್ ಹೆಸರಿನೊಂದಿಗೆ ಈ ಸಾಲಿಗೆ ಸೇರಿದ ಮೇಲೆ ಅಂಗಡಿಗಳಲ್ಲಿ ಪೈಪೋಟಿ ಇನ್ನಷ್ಟು ಬಿಗಿಯಾಗಿದೆ.

ಇಷ್ಟು ಹೆಸರುಗಳಿದ್ದರೂ ಅನುಭವಿ ಗುತ್ತಿಗೆದಾರರು ಮೊದಲು ನೋಡುವುದು ಹೆಸರಿನ ಕೆಳಗಿರುವ ದರ್ಜೆಯನ್ನು. ಪ್ರತಿ ಕಂಪನಿಯೂ ಅಗ್ಗದಿಂದ ದುಬಾರಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬಣ್ಣ ತಯಾರಿಸುತ್ತದೆ. ಏಷ್ಯನ್ ಪೇಂಟ್ಸ್‌ನ ಒಳಗೋಡೆಯ ಎಮಲ್ಷನ್ ಎಂಬ ನೀರು ಬೆರೆಸುವ ಬಣ್ಣಗಳಲ್ಲಿ ಟ್ರ್ಯಾಕ್ಟರ್ ಕೆಳಗಿನ ಮೆಟ್ಟಿಲಾದರೆ ಆಪ್ಕೊಲೈಟ್ ನಡುವಿನದು, ರಾಯಲ್ ಮೇಲಿನದು. ಬರ್ಜರ್‌ನಲ್ಲಿ ಬೈಸನ್‌ನಿಂದ ಸಿಲ್ಕ್‌ವರೆಗೆ, ನೆರೋಲ್ಯಾಕ್‌ನಲ್ಲಿ ಲಿಟಲ್ ಮಾಸ್ಟರ್‌ನಿಂದ ಇಂಪ್ರೆಷನ್ಸ್‌ವರೆಗೆ, ಡ್ಯೂಲಕ್ಸ್‌ನಲ್ಲಿ ಪ್ರಾಮಿಸ್‌ನಿಂದ ವೆಲ್ವೆಟ್ ಟಚ್‌ವರೆಗೆ ಇಂಥದೇ ಏಣಿಗಳಿವೆ. ಒಂದೇ ಕಂಪನಿಯ ಕೆಳಗಿನ ಮೆಟ್ಟಿಲಿಗೂ ಮೇಲಿನ ಮೆಟ್ಟಿಲಿಗೂ ಇರುವ ಅಂತರವು ಎರಡು ಬೇರೆ ಕಂಪನಿಗಳ ಸರಿಸಮ ಮೆಟ್ಟಿಲುಗಳ ನಡುವಿನ ಅಂತರಕ್ಕಿಂತ ಬಹಳ ಹೆಚ್ಚು ಎಂಬುದೇ ಈ ಇಡೀ ವಿಷಯದ ತಿರುಳು. ಹಾಗಾಗಿ ‘ಏಷ್ಯನ್ ಪೇಂಟ್ಸ್ ಹೊಡೆಯುತ್ತೇವೆ’ ಎಂದಷ್ಟೇ ಬರೆದ ಕೊಟೇಶನ್ ಏನನ್ನೂ ಹೇಳುವುದಿಲ್ಲ. ಅದೇ ಕಾಗದದ ಮೇಲೆ ಒಬ್ಬರು ಟ್ರ್ಯಾಕ್ಟರ್ ಹಿಡಿದೂ ಇನ್ನೊಬ್ಬರು ರಾಯಲ್ ಹಿಡಿದೂ ದರ ಹೇಳಿರಬಹುದು.

ಈ ಅಂತರ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಡಬ್ಬಿಯ ಒಳಗೆ ನೋಡಬೇಕು. ನೀರಿನಲ್ಲಿ ಕಲಸುವ ಎಮಲ್ಷನ್‌ನಲ್ಲಿ ಮುಖ್ಯವಾಗಿ ನಾಲ್ಕು ಪದಾರ್ಥಗಳಿರುತ್ತವೆ: ಗೋಡೆಯನ್ನು ಮರೆಮಾಡುವ ಪಿಗ್ಮೆಂಟ್, ಎಲ್ಲವನ್ನೂ ಹಿಡಿದಿಡುವ ಬೈಂಡರ್ ಎಂಬ ರಾಳ, ಗಾತ್ರ ತುಂಬುವ ಸುಣ್ಣಕಲ್ಲಿನ ಪುಡಿ ಅಥವಾ ಜೇಡಿಯಂಥ ಫಿಲ್ಲರ್, ಮತ್ತು ನೀರು. ಬಿಳಿಯ ಮರೆಮಾಡುವ ಶಕ್ತಿ ಬರುವುದು ಟೈಟೇನಿಯಂ ಡೈಆಕ್ಸೈಡಿನಿಂದ. ಅದರ ರೂಟೈಲ್ ಎಂಬ ಹರಳು ರೂಪದ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಶಕ್ತಿಯ ಅಳತೆ) ಸುಮಾರು 2.7, ಸುಣ್ಣಕಲ್ಲಿನ ಪುಡಿಯದು ಸುಮಾರು 1.6, ರಾಳದ್ದು ಸುಮಾರು 1.5. ಸುಣ್ಣಕಲ್ಲಿಗೂ ರಾಳಕ್ಕೂ ವ್ಯತ್ಯಾಸ ಅಲ್ಪವಾದ್ದರಿಂದ ಬೆಳಕು ಅವುಗಳ ಮೂಲಕ ಹಾಯ್ದುಹೋಗುತ್ತದೆ. ಟೈಟೇನಿಯಂ ಬೆಳಕನ್ನು ಚದುರಿಸಿ ಹಿಂದಕ್ಕೆ ಕಳಿಸುತ್ತದೆ, ಆದ್ದರಿಂದ ಹಿಂದಿನ ಕಲೆ ಕಾಣುವುದಿಲ್ಲ. ಟೈಟೇನಿಯಂ ಮತ್ತು ರಾಳ ಎರಡೂ ದುಬಾರಿ, ಫಿಲ್ಲರ್ ಅಗ್ಗ. ಕೆಳಗಿನ ಮೆಟ್ಟಿಲಿನ ಬಣ್ಣದಲ್ಲಿ ಫಿಲ್ಲರ್ ಹೆಚ್ಚಿಸಿ ಉಳಿದೆರಡನ್ನು ಕಡಿಮೆ ಮಾಡಿರುತ್ತಾರೆ. ಪಾಕ ಸಾಲದ ಚಿಕ್ಕಿಯಿಂದ ಶೇಂಗಾ ಉದುರುವಂತೆ ರಾಳ ಸಾಲದ ಬಣ್ಣ ಕೆಲವೇ ಮಳೆಗಾಲಗಳಲ್ಲಿ ಪುಡಿಯಾಗಿ ಬೆರಳಿಗೆ ಅಂಟುತ್ತದೆ.

ಅಗ್ಗದ ಬಣ್ಣವೂ ಒಣಗಿದಾಗ ಚೆನ್ನಾಗಿಯೇ ಮರೆಮಾಡುತ್ತದೆ ಎಂಬುದು ಮಾಲೀಕರನ್ನು ದಾರಿತಪ್ಪಿಸುವ ಸಂಗತಿ. ಫಿಲ್ಲರ್ ಮಿತಿಮೀರಿದಾಗ ಕಣಗಳ ನಡುವಿನ ಜಾಗವನ್ನೆಲ್ಲ ತುಂಬುವಷ್ಟು ರಾಳ ಇರುವುದಿಲ್ಲ, ಅಲ್ಲಿ ಗಾಳಿಯ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ, ಆ ಗಾಳಿಯೂ ಬೆಳಕನ್ನು ಚದುರಿಸುವುದರಿಂದ ಗೋಡೆ ಬೆಳ್ಳಗೆ ಕಾಣುತ್ತದೆ. ನೀರು ತಾಗಿದೊಡನೆ ರಂಧ್ರಗಳು ತುಂಬಿಕೊಂಡು ಹಳೆಯ ಕಲೆ ಮತ್ತೆ ಕಾಣತೊಡಗುತ್ತದೆ. ಇದನ್ನು ಬಲ್ಲ ಮೇಸ್ತ್ರಿಗಳು ಹೊಸ ಬ್ರಾಂಡ್ ಪರೀಕ್ಷಿಸುವಾಗ ಪ್ಲೈವುಡ್ ತುಂಡಿನ ಮೇಲೆ ಕಪ್ಪು ಪಟ್ಟಿ ಎಳೆದು, ಅದರ ಮೇಲೆ ಎರಡು ಕೋಟ್ ಹೊಡೆದು, ಚೆನ್ನಾಗಿ ಒಣಗಿದ ಬಳಿಕ ಒದ್ದೆ ಬಟ್ಟೆ ಒತ್ತಿ ನೋಡುತ್ತಾರೆ. ಒದ್ದೆಯಾದಾಗ ಕಪ್ಪು ಪಟ್ಟಿ ಮೇಲೆದ್ದು ಕಂಡರೆ ಆ ಬಣ್ಣ ರಂಧ್ರಮಯ ಎಂದು ತಿಳಿಯುತ್ತದೆ. ಪ್ರಯೋಗಾಲಯದಲ್ಲಿ ಕಪ್ಪು-ಬಿಳಿ ಕಾರ್ಡಿನ ಮೇಲೆ ನಿಗದಿತ ದಪ್ಪದಲ್ಲಿ ಬಣ್ಣ ಎಳೆದು ಅಳೆಯುವ ಮರೆಮಾಡುವ ಶಕ್ತಿಯ ಪರೀಕ್ಷೆಗೆ ಇದು ಕಸುಬಿನವರ ಸರಳ ರೂಪ. ಇದೇ ತುಂಡನ್ನು ಒಂದೆರಡು ವಾರ ಬಿಟ್ಟು ಸೋಪುನೀರಿನ ಸ್ಪಂಜಿನಿಂದ ಉಜ್ಜಿ, ಬಳಿಕ ಒಂದು ಮೂಲೆಗೆ ಅದೇ ಬಣ್ಣ ತಾಗಿಸಿ ತೇಪೆ ಎದ್ದು ಕಾಣುತ್ತದೆಯೇ ಎಂದೂ ನೋಡಬಹುದು. ಜನವಸತಿಯಿರುವ ಮನೆಯಲ್ಲಿ ಕೆಲಸ ಮುಗಿದ ಮೇಲೆ ಪೀಠೋಪಕರಣ ಸರಿಸುವಾಗ ಗೀರು ಬೀಳುವುದು ಸಾಮಾನ್ಯವಾದ್ದರಿಂದ ತೇಪೆ ಬೆರೆತುಹೋಗುವ ಗುಣಕ್ಕೆ ಗುತ್ತಿಗೆದಾರರು ಮಾಲೀಕರಿಗಿಂತ ಹೆಚ್ಚು ಬೆಲೆ ಕೊಡುತ್ತಾರೆ.

ಪರೀಕ್ಷೆಗೂ ಮೊದಲು ಕಾಗದದ ಮೇಲೆ ಮಾಡಬಹುದಾದ ಹೋಲಿಕೆಯೊಂದಿದೆ. ಪ್ರತಿಷ್ಠಿತ ಕಂಪನಿಗಳು ಪ್ರತಿ ಉತ್ಪನ್ನಕ್ಕೂ ಒಂದು ತಾಂತ್ರಿಕ ಮಾಹಿತಿ ಹಾಳೆಯನ್ನು ಪ್ರಕಟಿಸುತ್ತವೆ. ಹರಡುವ ವಿಸ್ತೀರ್ಣ, ಬೆರೆಸಬೇಕಾದ ನೀರಿನ ಪ್ರಮಾಣ, ಎರಡು ಕೋಟ್‌ಗಳ ನಡುವಿನ ಅವಧಿ ಮತ್ತು ಕೆಲವೊಮ್ಮೆ ಘನಾಂಶದ ಶೇಕಡಾವಾರು ಅದರಲ್ಲಿ ಇರುತ್ತವೆ. ಒಂದು ಲೀಟರ್ ಬಣ್ಣವನ್ನು 10 ಚದರ ಮೀಟರ್, ಅಂದರೆ ಸುಮಾರು 107 ಚದರಡಿಗೆ ಹರಡಿದರೆ ಹಸಿ ಪದರ 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪವಾಗುತ್ತದೆ. ಅದರ ಗಾತ್ರದಲ್ಲಿ ಘನಾಂಶ ಶೇ 40 ಇದ್ದರೆ ಒಣಗಿದ ಮೇಲೆ ಉಳಿಯುವುದು 40 ಮೈಕ್ರಾನ್, ಶೇ 25 ಇದ್ದರೆ 25 ಮೈಕ್ರಾನ್. ಉಳಿದದ್ದು ಆವಿಯಾಗಿ ಹೋಗುವ ನೀರು. ಮಾಲೀಕರು ಹಣ ಕೊಡುವುದು ಲೀಟರಿಗೆ, ಗೋಡೆಯನ್ನು ಕಾಯುವುದು ಒಣ ಪದರ. ಶೇ 40 ಘನಾಂಶದ ಒಂದು ಲೀಟರಿಗೆ 400 ಮಿಲಿಲೀಟರ್ ನೀರು ಸುರಿದರೆ ಘನಾಂಶ ಶೇ 29ಕ್ಕಿಂತ ಕೆಳಗಿಳಿಯುತ್ತದೆ. ರೋಲರ್ ಹಗುರವಾಗಿ ಓಡುತ್ತದೆ, ಬಣ್ಣ ಹೆಚ್ಚು ದೂರ ಬರುತ್ತದೆ, ಆದರೆ ಪದರ ತೆಳುವಾಗುತ್ತದೆ. ಒಳ್ಳೆಯ ಕಂಪನಿಯ ಬಣ್ಣವೂ ಬೇಗ ಕೆಟ್ಟಿತು ಎಂಬ ದೂರಿನ ಹಿಂದೆ ಬಹುಪಾಲು ಇಂಥ ನೀರೇ ಇರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಹಣದ ಲೆಕ್ಕ. ಉದಾಹರಣೆಗಾಗಿ ಅಂಕಿಗಳನ್ನು ಹಿಡಿಯೋಣ. ಲೀಟರಿಗೆ 240 ರೂಪಾಯಿಯ ಬಣ್ಣವೊಂದು ಮೂರು ಕೋಟ್ ಬೇಡುತ್ತದೆ, ಕೆಲಸ ಮುಗಿಯುವಾಗ ಲೀಟರಿಗೆ 60 ಚದರಡಿ ಬರುತ್ತದೆ. 480 ರೂಪಾಯಿಯ ಇನ್ನೊಂದು ಎರಡೇ ಕೋಟ್‌ಗಳಲ್ಲಿ ಮರೆಮಾಡಿ ಲೀಟರಿಗೆ 120 ಚದರಡಿ ಕೊಡುತ್ತದೆ. ಎರಡರಲ್ಲೂ ಬಣ್ಣದ ಖರ್ಚು ಚದರಡಿಗೆ 4 ರೂಪಾಯಿಯೇ. ಆದರೆ ಮೂರನೆಯ ಕೋಟ್‌ನ ಕೂಲಿ ಚದರಡಿಗೆ 3 ರೂಪಾಯಿ ಎಂದು ಹಿಡಿದರೂ 1000 ಚದರಡಿಗೆ 3000 ರೂಪಾಯಿ ಹೆಚ್ಚಾಗುತ್ತದೆ, ಮೇಲೆ ಒಂದು ದಿನ ಮನೆಯವರಿಗೆ ತೊಂದರೆ. ಕೆರೆಯುವುದು, ತಗ್ಗು ತುಂಬುವ ಪುಟ್ಟಿ, ಬಣ್ಣಕ್ಕೆ ಮೊದಲು ಹೊಡೆಯುವ ಪ್ರೈಮರ್, ಕೂಲಿ ಎಲ್ಲ ಸೇರಿ ದುಬಾರಿ ಬಣ್ಣದ ಕೆಲಸಕ್ಕೆ ಚದರಡಿಗೆ 20 ರೂಪಾಯಿ ಬಿದ್ದು 5 ವರ್ಷ ಬಾಳಿದರೆ ವರ್ಷಕ್ಕೆ 4 ರೂಪಾಯಿ. ಅಗ್ಗದ್ದು 23 ರೂಪಾಯಿ ಬಿದ್ದು 3 ವರ್ಷ ಬಾಳಿದರೆ ವರ್ಷಕ್ಕೆ ಸುಮಾರು 7 ರೂಪಾಯಿ 67 ಪೈಸೆ. ವೃತ್ತಿನಿರತರು ಮನಸ್ಸಿನಲ್ಲೇ ಮಾಡುವ ಲೆಕ್ಕ ಇದು. ಮುಂಬೈಯಲ್ಲಿ ಕೂಲಿಯೂ, ಎತ್ತರದ ಕಟ್ಟಡಕ್ಕೆ ಬಿದಿರಿನ ಅಟ್ಟಣಿಗೆ ಕಟ್ಟುವ ಇಲ್ಲವೇ ಝೂಲಾ ಎಂಬ ಹಗ್ಗದ ತೂಗುಹಲಗೆ ಇಳಿಬಿಡುವ ಖರ್ಚೂ ಹೆಚ್ಚಿರುವುದರಿಂದ ಈ ವ್ಯತ್ಯಾಸ ಇಲ್ಲಿ ಇನ್ನೂ ಎದ್ದು ಕಾಣುತ್ತದೆ. ಬಾಡಿಗೆದಾರರು ಬದಲಾಗುವಾಗ ಹನ್ನೊಂದು ತಿಂಗಳಿಗೊಮ್ಮೆ ಸುಣ್ಣಬಣ್ಣ ಕಾಣುವ ಮನೆಗೆ ಮಾತ್ರ ಕೆಳಗಿನ ಮೆಟ್ಟಿಲೇ ಸರಿ, ಅಲ್ಲಿ ಬಾಳಿಕೆಗೆ ಹಣ ಸುರಿಯುವುದು ವ್ಯರ್ಥ.

ಗೋಡೆ ಬದಲಾದಂತೆ ಆಯ್ಕೆಯ ಮಾನದಂಡವೂ ಬದಲಾಗುತ್ತದೆ. ಸಾಂತಾಕ್ರೂಜ್‌ನ ಮಳೆಮಾಪಕ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಾಸರಿ 2200 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುತ್ತದೆ. ಆ ಮಳೆ ನೈರುತ್ಯದ ಗಾಳಿಯೊಂದಿಗೆ ಓರೆಯಾಗಿ ಬಂದು ಕಟ್ಟಡದ ಪಶ್ಚಿಮ ಮತ್ತು ನೈರುತ್ಯದ ಮುಖಗಳಿಗೆ ಅಪ್ಪಳಿಸುತ್ತದೆ. ಆ ಮುಖಗಳಿಗೆ ಶುದ್ಧ ಅಕ್ರಿಲಿಕ್ ರಾಳದ ಹೊರಗೋಡೆಯ ಬಣ್ಣವನ್ನೋ, ಕೂದಲೆಳೆಯಂಥ ಬಿರುಕುಗಳ ಮೇಲೆ ಹಿಗ್ಗಬಲ್ಲ ದಪ್ಪ ಇಲಾಸ್ಟೊಮೆರಿಕ್ ಲೇಪವನ್ನೋ ಸೂಚಿಸುವ ಗುತ್ತಿಗೆದಾರರು ವಿಷಯ ಬಲ್ಲವರೆಂದು ಭಾವಿಸಬಹುದು. ಸ್ಟೈರೀನ್ ಬೆರೆತ ಅಕ್ರಿಲಿಕ್ ಒಳಗೆ ಚೆನ್ನಾಗಿ ಬಾಳುತ್ತದೆ, ಆದರೆ ಬಿಸಿಲಿನ ಅತಿನೇರಳೆ ಕಿರಣಗಳಿಗೆ ಬೇಗ ಸೋಲುತ್ತದೆ. ವರ್ಲಿ, ವರ್ಸೋವಾ ಕಡೆಯ ಕಟ್ಟಡಗಳಲ್ಲಿ ಉಪ್ಪುಗಾಳಿ ಕಬ್ಬಿಣದ ಗ್ರಿಲ್ಲುಗಳನ್ನು ತಿನ್ನುವುದರಿಂದ ಅಲ್ಲಿ ಮೇಲಿನ ಎನಾಮಲ್ ಎಂಬ ಗಟ್ಟಿ ಬಣ್ಣಕ್ಕಿಂತ ತುಕ್ಕುನಿರೋಧಕ ಪ್ರೈಮರ್‌ನ ಆಯ್ಕೆ ಮುಖ್ಯವಾಗುತ್ತದೆ. ಗಿರ್‌ಗಾಂವ್, ದಾದರ್‌ನ ಹಳೆಯ ಚಾಳುಗಳಲ್ಲಿ ವರ್ಷಾನುಗಟ್ಟಲೆ ಬಳಿದ ಸುಣ್ಣದ ಪದರಗಳಿರುತ್ತವೆ. ಅವನ್ನು ಕೆರೆಯದೆ ಎಷ್ಟೇ ದುಬಾರಿ ಎಮಲ್ಷನ್ ಹೊಡೆದರೂ ಅದು ಸುಣ್ಣದ ಸಮೇತ ಹಾಳೆಯಂತೆ ಎದ್ದು ಬರುತ್ತದೆ. ಹೊಸ ಸಿಮೆಂಟ್ ಪ್ಲಾಸ್ಟರ್ ತೀವ್ರ ಕ್ಷಾರವಾಗಿರುವುದರಿಂದ ಕನಿಷ್ಠ 28 ದಿನ ಬಿಡಬೇಕು. ಇಲ್ಲಿನ ಫ್ಲ್ಯಾಟುಗಳಲ್ಲಿ ಸಾಮಾನ್ಯವಾದ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಗೋಡೆಯಾದರೆ ತೇವಕ್ಕೆ ಬಲು ಸೂಕ್ಷ್ಮ, ಹಿಂಬದಿಯ ಸೋರಿಕೆ ನಿಲ್ಲದೆ ಅದರ ಮೇಲೆ ಯಾವ ಬ್ರಾಂಡೂ ನಿಲ್ಲುವುದಿಲ್ಲ.

ನಮ್ಮವರಿಗೆ ಹತ್ತಿರದ ಇನ್ನೊಂದು ಜಾಗ ಉಡುಪಿ ಹೋಟೆಲಿನ ಅಡುಗೆಮನೆ. ಇಡ್ಲಿಯ ಹಬೆ, ಕರಿಯುವ ಎಣ್ಣೆಯ ಹೊಗೆ, ದಿನಕ್ಕೆ ಹಲವು ಬಾರಿ ತೊಳೆಯುವ ಗೋಡೆ ಇವೆಲ್ಲದರ ನಡುವೆ ಸಾಧಾರಣ ಎಮಲ್ಷನ್ ಉಳಿಯುವುದಿಲ್ಲ. ಟೈಲ್ಸ್ ಮುಗಿದ ಮೇಲಿನ ಭಾಗಕ್ಕೆ ನೀರಿನಲ್ಲಿ ಕಲಸುವ ಎನಾಮಲ್ ಅಥವಾ ಎಪಾಕ್ಸಿ ಎಂಬ ಗಟ್ಟಿ ರಾಳದ ಲೇಪ, ಚಾವಣಿಗೆ ಬೂಸ್ಟುನಿರೋಧಕ ಬಣ್ಣ ಎಂದು ಆಯ್ಕೆ ನಡೆಯುತ್ತದೆ. ಹೋಟೆಲು ಮುಚ್ಚಿದ ಮೇಲೆ ರಾತ್ರಿ ಕೆಲಸ ಮಾಡಿ ಬೆಳಿಗ್ಗೆ ಕಾಫಿಗೆ ಜನ ಬರುವಷ್ಟರಲ್ಲಿ ಮುಗಿಸಬೇಕಾದ್ದರಿಂದ ಟರ್ಪೆಂಟೈನ್ ವಾಸನೆ ಉಳಿಸುವ ತೈಲ ಎನಾಮಲ್ ಅಲ್ಲಿ ಒಗ್ಗುವುದಿಲ್ಲ. ಇಲ್ಲಿ ಬ್ರಾಂಡಿನ ಆಯ್ಕೆ ನಿಂತಿರುವುದು ಒಣಗುವ ವೇಗ ಮತ್ತು ವಾಸನೆಯ ಮೇಲೆ. ಗಣೇಶ ಚತುರ್ಥಿಗೆ ಮೊದಲು, ಮಳೆಗಾಲದ ನಡುವೆಯೇ ಮನೆಯ ಒಳಗೋಡೆ ಮುಗಿಸಿಕೊಡಿ ಎಂದು ಕೇಳುವವರಿಗೂ ಇದೇ ಮಾತು. ನಾಲ್ಕೈದು ಗಂಟೆಯಲ್ಲಿ ಎರಡನೆಯ ಕೋಟ್ ಎಂದು ಹಾಳೆಯಲ್ಲಿ ಬರೆದಿದ್ದರೂ ಆ ತೇವದ ಗಾಳಿಯಲ್ಲಿ ಅದು ಹೆಚ್ಚು ಹೊತ್ತು ಹಿಡಿಯುತ್ತದೆ.

ಸುರಕ್ಷತೆಯ ವಿಷಯದಲ್ಲಿ ಎರಡು ಸಂಗತಿ ಸಾಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ 2016ರ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಪ್ಲಾಸ್ಟಿಕ್ ಎಮಲ್ಷನ್‌ಗೆ ಐಎಸ್ 15489 ಎಂಬ ಭಾರತೀಯ ಮಾನಕವಿದೆ. ಹೆಸರು ಕೇಳದ ಸ್ಥಳೀಯ ಬ್ರಾಂಡ್ ಅರ್ಧ ಬೆಲೆಗೆ ಸಿಕ್ಕಾಗ ಡಬ್ಬಿಯ ಮೇಲೆ ಇವೆರಡರ ಉಲ್ಲೇಖ ಹುಡುಕಬೇಕು.

ವಾರಂಟಿಯನ್ನು ಓದುವುದರಲ್ಲಿಯೂ ಕಸುಬಿನವರ ನೋಟ ಬೇರೆ. ಹೊರಗೋಡೆಯ ಬಣ್ಣಕ್ಕೆ ಏಳು, ಹತ್ತು ವರ್ಷ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವುದು ಸಾಮಾನ್ಯವಾಗಿ ಆ ಕಂಪನಿಯದೇ ಪ್ರೈಮರ್, ಹೇಳಿದಷ್ಟು ಕೋಟ್, ಹೇಳಿದಷ್ಟೇ ನೀರು ಮತ್ತು ಖರೀದಿಯ ಬಿಲ್ ಇದ್ದಾಗ ಮಾತ್ರ ಅನ್ವಯಿಸುತ್ತದೆ. ಕಟ್ಟಡದ ಬಿರುಕು, ಸೋರಿಕೆಯಿಂದಾದ ಹಾನಿ ಅದರ ಹೊರಗುಳಿಯುತ್ತವೆ. ಪರಿಹಾರವೂ ಬಹುತೇಕ ಸಾಮಗ್ರಿಗೆ ಸೀಮಿತವಾಗಿರುತ್ತದೆ, ಕೂಲಿಗೂ ಅಟ್ಟಣಿಗೆಗೂ ಸಿಗುವುದು ಅಪರೂಪ. ಹಾಗಾಗಿ ವರ್ಷಗಳ ಸಂಖ್ಯೆಗಿಂತ, ಕೆಲಸಕ್ಕೆ ಮೊದಲು ಕಂಪನಿಯ ಪ್ರತಿನಿಧಿ ಬಂದು ತೇವಮಾಪಕದಿಂದ ಗೋಡೆ ಪರೀಕ್ಷಿಸಿ ವಿಧಾನವನ್ನು ಬರೆದುಕೊಡುತ್ತಾರೆಯೇ ಎಂಬುದನ್ನು ದೊಡ್ಡ ಗುತ್ತಿಗೆದಾರರು ಕೇಳುತ್ತಾರೆ. ಒಂದು ಬ್ರಾಂಡನ್ನು ಬಿಟ್ಟು ಇನ್ನೊಂದನ್ನು ಹಿಡಿಯಲು ಅನೇಕ ಬಾರಿ ಇದೇ ಕಾರಣವಾಗುತ್ತದೆ.

ಈಗ ಅಂಗಡಿಯ ವಿಚಾರ. ಮಾಲೀಕರ ಕಣ್ಣಿಗೆ ಎಲ್ಲ ಅಂಗಡಿಗಳೂ ಒಂದೇ. ಆದರೆ ಬಣ್ಣದ ಕೊನೆಯ ತಯಾರಿ ನಡೆಯುವುದು ಅಂಗಡಿಯ ಟಿಂಟಿಂಗ್ ಯಂತ್ರದಲ್ಲಿ. ಬಿಳಿ ಬೇಸ್‌ಗೆ ಹನಿಹನಿಯಾಗಿ ಬಣ್ಣದ ಸಾಂದ್ರದ್ರವ ಬೀಳುತ್ತದೆ. ನಳಿಕೆಯ ತುದಿ ಒಣಗಿದ್ದರೆ, ಯಂತ್ರದ ಅಳತೆಯನ್ನು ಕಾಲಕಾಲಕ್ಕೆ ಸರಿಪಡಿಸದಿದ್ದರೆ ಇಂದಿನ ಬಕೆಟ್‌ಗೂ ಮುಂದಿನ ವಾರದ ಬಕೆಟ್‌ಗೂ ಛಾಯೆ ಹೊಂದುವುದಿಲ್ಲ. ಆದ್ದರಿಂದಲೇ ಪರಿಣತರು ಒಂದು ಕೋಣೆಗೆ ಬೇಕಾದುದನ್ನೆಲ್ಲ ಒಂದೇ ಸಲ, ಒಂದೇ ಬ್ಯಾಚಿನ ಬೇಸ್‌ನಲ್ಲಿ ಮಾಡಿಸಿ, ಬಕೆಟ್‌ಗಳನ್ನು ದೊಡ್ಡ ಡ್ರಮ್ಮಿನಲ್ಲಿ ಬೆರೆಸಿಕೊಂಡೇ ಹೊಡೆಯಲು ಶುರುಮಾಡುತ್ತಾರೆ. ಒಂದು ಕಂಪನಿಯ ಛಾಯಾಸಂಖ್ಯೆಯನ್ನು ಇನ್ನೊಂದು ಕಂಪನಿಯ ಯಂತ್ರದಲ್ಲಿ ‘ಮ್ಯಾಚ್’ ಮಾಡಿಸುವ ರೂಢಿಯಿದೆ. ಹಗಲಿನಲ್ಲಿ ಹೊಂದಿದ ಛಾಯೆ ರಾತ್ರಿ ಎಲ್‌ಇಡಿ ದೀಪದಡಿ ಬೇರೆಯಾಗಬಹುದಾದ್ದರಿಂದ ಗೋಡೆಯ ಮೇಲೆ ಎರಡು ಕೋಟ್‌ನ ಒಂದು ಚೌಕ ಹೊಡೆದು ಹಗಲೂ ರಾತ್ರಿಯೂ ನೋಡದೆ ಒಪ್ಪಬಾರದು. ಗಾಢ ಕೆಂಪು, ಹಳದಿಗಳಿಗೆ ಬಳಸುವ ಬೇಸ್‌ನಲ್ಲಿ ಟೈಟೇನಿಯಂ ಕಡಿಮೆಯಿರುವುದರಿಂದ ಯಾವ ಬ್ರಾಂಡಿನಲ್ಲಾದರೂ ಕೋಟ್‌ಗಳು ಹೆಚ್ಚಾಗುತ್ತವೆ, ಅದಕ್ಕೆ ಕಂಪನಿಯನ್ನು ದೂರುವುದು ಸರಿಯಲ್ಲ.

ದರ ಹೋಲಿಸುವಾಗ ಬಕೆಟ್‌ಗೆ ಬಕೆಟ್ ಇಡುವುದು ತಪ್ಪು. ಸಿದ್ಧ ಬಿಳಿ 20 ಲೀಟರಿನ ಬಕೆಟ್‌ನಲ್ಲಿ ಬಂದರೆ ಛಾಯೆ ಮಾಡಿಸುವ ಬೇಸ್ ಸಾಮಾನ್ಯವಾಗಿ 18 ಲೀಟರಿನದಾಗಿರುತ್ತದೆ. ಎಂಆರ್‌ಪಿಯ ಮೇಲೆ ಅಂಗಡಿ ಕೊಡುವ ರಿಯಾಯಿತಿ ಕಳೆದು, ಶೇ 18ರ ಜಿಎಸ್‌ಟಿ ಸೇರಿದೆಯೇ ಎಂದು ನೋಡಿ, ಟಿಂಟಿಂಗ್ ಖರ್ಚು ಕೂಡಿಸಿ ಲೀಟರಿನ ದರ ತೆಗೆಯಬೇಕು. ಇಷ್ಟಾದ ಮೇಲೂ ಗುತ್ತಿಗೆದಾರರು ಅತಿ ಅಗ್ಗದ ಅಂಗಡಿಗೇ ಹೋಗುವುದಿಲ್ಲ. ಅವರಿಗೆ ಉದ್ರಿ ಬೇಕು, ಏಕೆಂದರೆ ಮಾಲೀಕರ ಹಣ ಕಂತುಕಂತಾಗಿ ಬರುತ್ತದೆ. ಕೆಲಸದ ನಡುವೆ ನಾಲ್ಕು ಲೀಟರ್ ಕಡಿಮೆಬಿದ್ದರೆ ಗಂಟೆಯೊಳಗೆ ಕಳಿಸಿಕೊಡುವವರು ಬೇಕು. ಸೀಲ್ ಒಡೆಯದ ಡಬ್ಬಿಯನ್ನು ಹಿಂದಕ್ಕೆ ಪಡೆಯುವವರು ಬೇಕು, ಟಿಂಟ್ ಮಾಡಿದ ಡಬ್ಬಿಯನ್ನಂತೂ ಯಾರೂ ಹಿಂದಕ್ಕೆ ಪಡೆಯುವುದಿಲ್ಲ. ಖಾಲಿ ಬಕೆಟ್‌ಗಳಿಗೆ ಕಳಪೆ ಬಣ್ಣ ತುಂಬಿ ಮಾರುವ ದಂಧೆಯ ಭಯವೂ ಇರುವುದರಿಂದ ಪರಿಚಯದ ಅಧಿಕೃತ ಡೀಲರ್ ಬೇಕು. ಸೀಲ್, ಬ್ಯಾಚ್ ಸಂಖ್ಯೆ, ತಯಾರಿಕೆಯ ತಿಂಗಳು ನೋಡಿ, ಬಳಸಿದ ಬಕೆಟ್‌ಗಳನ್ನು ತೂತು ಮಾಡಿ ಎಸೆಯುವುದು ಒಳ್ಳೆಯ ಅಭ್ಯಾಸ.

ಒಂದು ಸೂಕ್ಷ್ಮ ವಿಷಯವನ್ನು ಹೇಳದಿದ್ದರೆ ಚಿತ್ರ ಪೂರ್ಣವಾಗದು. ಬಕೆಟ್‌ಗಳಲ್ಲಿ ಪೇಂಟರಿಗೆಂದೇ ಟೋಕನ್ ಅಥವಾ ಕ್ಯೂಆರ್ ಕೋಡ್ ಇಡುವ ಪದ್ಧತಿ ಈ ಉದ್ಯಮದಲ್ಲಿ ವ್ಯಾಪಕವಾಗಿದೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಅಂಕಗಳೋ ಹಣವೋ ಪೇಂಟರಿಗೆ ಸೇರುತ್ತದೆ. ಅನಿಶ್ಚಿತ ಕೂಲಿಯ ಬದುಕಿನಲ್ಲಿ ಇದು ಅವರಿಗೆ ನ್ಯಾಯವಾದ ಆಸರೆ ಎಂದೇ ನಾನು ಭಾವಿಸುತ್ತೇನೆ. ಆದರೆ ಯಾವ ಬ್ರಾಂಡ್ ಹೆಚ್ಚು ಕೊಡುತ್ತದೋ ಅದರ ಕಡೆಗೆ ಸಲಹೆ ವಾಲುವ ಸಾಧ್ಯತೆ ಇದ್ದೇ ಇದೆ ಎಂಬುದು ಮಾಲೀಕರಿಗೆ ಗೊತ್ತಿರಬೇಕು. ಸಾಮಗ್ರಿ ಸಹಿತ ಗುತ್ತಿಗೆಯಲ್ಲಿ ಉಳಿತಾಯ ಗುತ್ತಿಗೆದಾರರದ್ದಾದ್ದರಿಂದ ಮೆಟ್ಟಿಲು ಇಳಿಸುವ ಆಸೆ ಹುಟ್ಟಬಹುದು. ಕೂಲಿ ಮಾತ್ರದ ಗುತ್ತಿಗೆಯಲ್ಲಿ ಬಣ್ಣ ಪೋಲಾಗುವುದರ ಚಿಂತೆ ಅವರಿಗಿರುವುದಿಲ್ಲ. ಎರಡಕ್ಕೂ ಮದ್ದು ಒಂದೇ: ಉತ್ಪನ್ನದ ಪೂರ್ಣ ಹೆಸರು, ಪ್ರೈಮರ್ ಮತ್ತು ಪುಟ್ಟಿಯ ಹೆಸರು, ಕೋಟ್‌ಗಳ ಸಂಖ್ಯೆ, ಬೆರೆಸುವ ನೀರಿನ ಮಿತಿ, ಅಂದಾಜು ಲೀಟರ್‌ಗಳು, ಇವನ್ನೆಲ್ಲ ಕೊಟೇಶನ್‌ನಲ್ಲೇ ಬರೆಸಿ, ಬಕೆಟ್‌ಗಳನ್ನು ಮನೆಯವರ ಎದುರೇ ತೆರೆಸುವುದು.

ಹೊರಗೋಡೆಯ ಕೆಲಸವನ್ನು ದೀಪಾವಳಿಯ ಬಳಿಕ ಆರಂಭಿಸಿ ಮೇ ತಿಂಗಳೊಳಗೆ ಮುಗಿಸುವ ಸೊಸೈಟಿಗಳು ಬಿಲ್ಲಿನ ಒಂದು ಭಾಗವನ್ನು ಮೊದಲ ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತು ಹಾಕಿಕೊಳ್ಳಬಹುದು. ಹಾಗೆ ಮಾಡುವಾಗ ಆ ಮೊತ್ತ ಎಷ್ಟು, ಯಾವ ತಿಂಗಳಲ್ಲಿ, ಯಾವ ಗೋಡೆಗಳನ್ನು ನೋಡಿದ ಮೇಲೆ ಬಿಡುಗಡೆಯಾಗುತ್ತದೆ ಎಂಬುದನ್ನೂ ಒಪ್ಪಂದದಲ್ಲೇ ಬರೆಯಬೇಕು. ಆ ನಾಲ್ಕು ತಿಂಗಳ ಉದ್ರಿಯನ್ನು ಗುತ್ತಿಗೆದಾರರು ತಮ್ಮ ಡೀಲರ್ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕಾಗುತ್ತದೆ, ಅದಕ್ಕೆ ಒಪ್ಪುವ ಡೀಲರ್ ಯಾವ ಬ್ರಾಂಡ್ ಇಟ್ಟಿದ್ದಾರೆ ಎಂಬುದೂ ಅವರ ಕೊಟೇಶನ್‌ನಲ್ಲಿ ಬರುವ ಹೆಸರನ್ನು ನಿರ್ಧರಿಸುತ್ತದೆ.